ಗಾತ್ರಕ್ಕೊಂದು ಬಣ್ಣ

ಹೊನ್ನಾಳಿಯ ಸಂತೆಯಲ್ಲಿ ಬಳೆಗಾರನ ಮಲಾರದೊಳಗೆ ಹೊಳೆಯುವ ಕೆಂಪು ಗಾಜಿನ ಬಳೆಗಳನ್ನು ನೀವು ಕಂಡಿರಬಹುದು. ಗಾಜಿಗೆ ಕೆಂಪು ಬರಿಸುವ ಬಗೆಗಳು ಹಲವು. ಕ್ಯಾಡ್ಮಿಯಂ ಸೆಲೆನೈಡ್ ಬೆರೆತ ಸೂಕ್ಷ್ಮ ಹರಳುಗಳನ್ನು ಗಾಜಿನೊಳಗೆ ಮೂಡಿಸುವುದು ಅವುಗಳಲ್ಲೊಂದು. ಕ್ಯಾಡ್ಮಿಯಂ ಲೋಹ, ಸೆಲೆನಿಯಂ ಗಂಧಕದ ಬಳಗಕ್ಕೆ ಸೇರಿದ ಧಾತು. ಎರಡೂ ಬೆಳಕಿಗೆ ಬಂದುದು 1817ರಲ್ಲಿಯೇ ಎಂಬುದೊಂದು ಆಕಸ್ಮಿಕ.

ಇವುಗಳ ಸಂಯುಕ್ತವು ತಾಮ್ರದಂತೆ ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡದು, ಗಾಜಿನಂತೆ ಪೂರ್ತಿ ತಡೆಯದು. ಆದ್ದರಿಂದ ಇದು ಅರೆವಾಹಕ. ಇದರ ಮೇಲೆ ಬೆಳಕು ಬಿದ್ದಾಗ ಕೆಲವು ಎಲೆಕ್ಟ್ರಾನುಗಳು ಕಟ್ಟು ಬಿಡಿಸಿಕೊಂಡು ಸಂಚರಿಸುತ್ತವೆ. ವಿದ್ಯುತ್ ಹರಿವು ಹೆಚ್ಚುತ್ತದೆ. ಬೆಳಕನ್ನು ಗುರುತಿಸುವ ಉಪಕರಣಗಳಿಗೆ ಈ ಗುಣವೇ ಆಧಾರ. ಬಿಡಿಸಿಕೊಂಡ ಎಲೆಕ್ಟ್ರಾನು ತನ್ನ ನೆಲೆಗೆ ಮರಳುವಾಗ, ಪಡೆದ ಶಕ್ತಿಯನ್ನು ಬೆಳಕಾಗಿ ಹೊರಸೂಸುವುದೂ ಉಂಟು.

ಸೋಜಿಗವಿರುವುದು ಆ ಬೆಳಕಿನ ಬಣ್ಣದಲ್ಲಿ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಸುಮಾರು 6 ನ್ಯಾನೋಮೀಟರ್ ಗಾತ್ರದ ಹರಳು ಕೆಂಪು ಬೆಳಕನ್ನು ಬೀರಿದರೆ, ಅದೇ ವಸ್ತುವಿನ 2 ನ್ಯಾನೋಮೀಟರ್ ಹರಳು ನೀಲಿ ಬೀರುತ್ತದೆ. ನಡುವಣ ಗಾತ್ರದವು ಹಳದಿ, ಹಸಿರು. ವಸ್ತು ಬದಲಾಗಿಲ್ಲ, ಗಾತ್ರವಷ್ಟೇ ಬದಲಾಗಿದೆ! ವೀಣೆಯ ಮೆಟ್ಟಿಲುಗಳ ಮೇಲೆ ತಂತಿಯನ್ನೊತ್ತಿ, ಮಿಡಿಯುವ ಭಾಗವನ್ನು ಕಿರಿದುಮಾಡಿದಷ್ಟೂ ಸ್ವರ ಏರುವುದಷ್ಟೆ? ಹಾಗೆಯೇ ಹರಳು ಕಿರಿದಾದಷ್ಟೂ ಇಕ್ಕಟ್ಟಿಗೆ ಸಿಕ್ಕ ಎಲೆಕ್ಟ್ರಾನಿನ ಶಕ್ತಿ ಏರುತ್ತದೆ. ಹೆಚ್ಚು ಶಕ್ತಿಯ ಬೆಳಕು ನೀಲಿ; ಕಡಿಮೆ ಶಕ್ತಿಯದು ಕೆಂಪು.

ಇಂತಹ ಹರಳುಗಳಿಗೆ ಕ್ವಾಂಟಂ ಚುಕ್ಕೆಗಳೆಂದು ಹೆಸರು. ಎಕಿಮೋವ್ ಈ ಪರಿಣಾಮವನ್ನು ಬಣ್ಣದ ಗಾಜಿನಲ್ಲಿ ಕಂಡರು. ಬ್ರೂಸ್ ದ್ರವದಲ್ಲಿ ತೇಲುವ ಕಣಗಳಲ್ಲಿ ಕಂಡರು. ಒಂದೇ ಅಳತೆಯ ಹರಳುಗಳನ್ನು ಬೆಳೆಸುವ ವಿಧಾನವನ್ನು ಬಾವೆಂಡಿ 1993ರಲ್ಲಿ ತೋರಿಸಿಕೊಟ್ಟರು. ಮೂವರಿಗೂ 2023ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ನಮ್ಮ ಬೆಂಗಳೂರಿನಲ್ಲಿಯೂ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರು ಕ್ಯಾಡ್ಮಿಯಂ ಸೆಲೆನೈಡಿನ ನ್ಯಾನೋ ಕೊಳವೆ, ತಂತಿಗಳನ್ನು ತಯಾರಿಸಿ 2001ರಲ್ಲಿ ಪ್ರಕಟಿಸಿದರು. ಟೆಲಿವಿಷನ್ ಪರದೆಯ ಬಣ್ಣಗಳನ್ನು ನಿಚ್ಚಳವಾಗಿಸಲು, ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನು ಗುರುತಿಸಲು ಈ ಚುಕ್ಕೆಗಳು ನೆರವಾಗಿವೆ.

ಆದರೆ ಕ್ಯಾಡ್ಮಿಯಂ ವಿಷ. ಜಪಾನಿನ ಜಿನ್ಜೂ ನದಿಗೆ ಗಣಿಯ ಕಶ್ಮಲದೊಡನೆ ಸೇರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳಿಗೆ ಹರಿಯಿತು. ಆ ಅಕ್ಕಿಯನ್ನುಂಡವರ ಮೂತ್ರಪಿಂಡಗಳು ಕೆಟ್ಟು ಮೂಳೆಗಳು ಮುರಿದವು. 'ಇತಾಯ್-ಇತಾಯ್', ಅಂದರೆ 'ನೋವು, ನೋವು' ಎಂಬುದೇ ಆ ರೋಗದ ಹೆಸರಾಯಿತು. ತುಂಗಭದ್ರೆಯ ದಡದಲ್ಲಿ ಭತ್ತ ಬೆಳೆಯುವ ನಮಗೆ ಇದು ದೂರದ ಕಥೆಯೆನಿಸಲಾರದು. ಈಗ ಅನೇಕ ಪರದೆಗಳಲ್ಲಿ ಕ್ಯಾಡ್ಮಿಯಂ ಇಲ್ಲದ ಇಂಡಿಯಂ ಫಾಸ್ಫೈಡ್ ಚುಕ್ಕೆಗಳು ಬಂದಿವೆ. ಬಣ್ಣದ ಶುದ್ಧತೆಯಲ್ಲಿ ಅವು ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ; ಆ ಅಂತರವನ್ನು ತುಂಬುವ ಸಂಶೋಧನೆ ಸಾಗಿದೆ.