ಕಾರ್ಡು ತಂದ ಮೇಷ್ಟ್ರು

ಫುಟ್‌ಬಾಲ್‌ನಲ್ಲಿ ರೆಫ್ರಿ ಜೇಬಿನಿಂದ ಹಳದಿ, ಕೆಂಪು ಕಾರ್ಡು ತೆಗೆಯೋದನ್ನ ಟಿ.ವಿ.ಯಲ್ಲಿ ನೋಡಿರ್ತೀರಿ. ಈ ಉಪಾಯ ಇಂಗ್ಲೆಂಡಿನ ಕೆನ್ ಆಸ್ಟನ್ ಅವರದು. ಅವರು ಅಂತರರಾಷ್ಟ್ರೀಯ ರೆಫ್ರಿ. ಜೊತೆಗೆ ಶಾಲೆಯ ಮೇಷ್ಟ್ರು!

1962ರ ವಿಶ್ವಕಪ್ ಚಿಲಿ ದೇಶದಲ್ಲಿ ನಡೆಯಿತು. ಚಿಲಿ–ಇಟಲಿ ಪಂದ್ಯಕ್ಕೆ ಆಸ್ಟನ್ ರೆಫ್ರಿ. ಆಟಗಾರರು ಚೆಂಡು ಬಿಟ್ಟು ಒಬ್ಬರನ್ನೊಬ್ಬರು ಒದ್ದರು, ಗುದ್ದಿದರು. ಆಸ್ಟನ್ ಇಟಲಿಯ ಇಬ್ಬರನ್ನು ಹೊರಗೆ ಹಾಕಿದರು. ಒಬ್ಬನು ಹೋಗಲ್ಲ ಅಂತ ನಿಂತಾಗ ಪೊಲೀಸರೇ ಬರಬೇಕಾಯಿತು. ಆದರೆ ಗುದ್ದಿದ ಚಿಲಿಯ ಸಾಂಚೆಸ್ ಮೈದಾನದಲ್ಲೇ ಉಳಿದ. ಇದು ನ್ಯಾಯ ಅಲ್ಲ ಅಂತ ನನಗೆ ಅನಿಸುತ್ತೆ.

1966ರಲ್ಲಿ ಆಸ್ಟನ್‌ಗೆ ರೆಫ್ರಿಗಳನ್ನು ನೋಡಿಕೊಳ್ಳುವ ಕೆಲಸ. ಲಂಡನ್ನಿನಲ್ಲಿ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯ. ರೆಫ್ರಿ ಜರ್ಮನಿಯವರು. ಅರ್ಜೆಂಟೀನಾದ ನಾಯಕ ರಟಿನ್‌ಗೆ ಹೊರಗೆ ಹೋಗು ಅಂದರು. ಅವರಿಗೆ ಸ್ಪ್ಯಾನಿಷ್ ಬಾರದು, ಇವನಿಗೆ ಜರ್ಮನ್ ಬಾರದು. ರಟಿನ್ ಜಗ್ಗಲೇ ಇಲ್ಲ! ಕೊನೆಗೆ ಆಸ್ಟನ್ ಅವರೇ ಹೋಗಿ ಒಪ್ಪಿಸಬೇಕಾಯಿತು.

ಆಮೇಲೆ ಕಾರಿನಲ್ಲಿ ಮನೆಗೆ ಹೋಗುವಾಗ ರಸ್ತೆಯ ಸಿಗ್ನಲ್ ದೀಪ ಕಂಡಿತು. ಹಳದಿ ಅಂದರೆ ಹುಷಾರು, ಕೆಂಪು ಅಂದರೆ ನಿಲ್ಲು. ಇದಕ್ಕೆ ಯಾವ ಭಾಷೆಯೂ ಬೇಡ!

1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಬಂದವು. ಆ ಸಲ ಯಾರಿಗೂ ಕೆಂಪು ಕಾರ್ಡು ಬೀಳಲಿಲ್ಲ. ವಿಶ್ವಕಪ್‌ನ ಮೊದಲ ಕೆಂಪು ಕಾರ್ಡು ಬಿದ್ದಿದ್ದು 1974ರಲ್ಲಿ. ಯಾರಿಗೆ ಗೊತ್ತಾ? ಚಿಲಿಯ ಕಾಸೆಲಿಗೆ!