ಗಾಯದ ಹಿಂದಿನ ನೋವು

ಸಕಲ ಪ್ರಾಣಿಗಳೂ ನೋವಿನಿಂದ ದೂರ ಸರಿಯುತ್ತವೆ. ಬಿಸಿಪಾತ್ರೆಗೆ ತಗುಲಿದ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳಬೇಕೆಂದು ಕೂಸಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಬೆನ್ನುಹುರಿಯು ಆ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ಹೀಗಿರುವಲ್ಲಿ, ಓದುಬರಹ ಬಲ್ಲ ಹದಿಹರೆಯದ ಹುಡುಗನೋ ಹುಡುಗಿಯೋ ತನ್ನ ಮೈಗೆ ತಾನೇ ಗಾಯಮಾಡಿಕೊಂಡರೆ ನೋಡಿದವರು ದಿಗ್ಭ್ರಮೆಗೊಳ್ಳುವುದು ಸಹಜ. ಕೆಲವರು ಅದನ್ನು ಹುಚ್ಚೆನ್ನುತ್ತಾರೆ, ಕೆಲವರು ಹಟವೆನ್ನುತ್ತಾರೆ, ಇನ್ನು ಕೆಲವರು ಇತರರ ಗಮನ ಸೆಳೆಯುವ ನಟನೆಯೆಂದು ತಳ್ಳಿಹಾಕುತ್ತಾರೆ. ಈ ಮೂರು ಮಾತುಗಳಲ್ಲಿ ಯಾವುದೂ ವಿಷಯವನ್ನು ವಿವರಿಸುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ಮನೋವಿಜ್ಞಾನಿಗಳು ಈ ವರ್ತನೆಯನ್ನು ತಾಳ್ಮೆಯಿಂದ ಪರಿಶೀಲಿಸಿ, ಅದರ ಹಿಂದೆ ತಿಳಿಯಬಹುದಾದ ಕಾರಣಗಳಿವೆಯೆಂಬುದನ್ನು ಕಂಡುಕೊಂಡಿದ್ದಾರೆ. ಕಾರಣ ತಿಳಿದರೆ ನೆರವಿನ ದಾರಿಯೂ ತಿಳಿಯುತ್ತದೆ. ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ಇಂಥ ಗುಟ್ಟು ತಂದೆತಾಯಿಗಳಿಗೂ ಉಪಾಧ್ಯಾಯರಿಗೂ ಮುಟ್ಟುವ ಮುನ್ನವೇ ಗೆಳೆಯರ ಕಣ್ಣಿಗೆ ಬೀಳುವುದುಂಟು. ಆದಕಾರಣ ಈ ವಿಷಯವನ್ನು ನಾವು ಸ್ವಲ್ಪ ವಿಸ್ತಾರವಾಗಿಯೇ ವಿಚಾರಮಾಡೋಣ.

ಸ್ವಹಾನಿಯೆಂದರೇನು?

ಸಾಯಬೇಕೆಂಬ ಉದ್ದೇಶವಿಲ್ಲದೆ, ಬೇಕೆಂದೇ ತನ್ನ ದೇಹಕ್ಕೆ ತಾನು ಗಾಯಮಾಡಿಕೊಳ್ಳುವುದನ್ನು ಇಲ್ಲಿ ಸ್ವಹಾನಿಯೆಂದು ಕರೆಯೋಣ. ಕಿವಿ ಚುಚ್ಚಿಸಿಕೊಳ್ಳುವುದು, ಹಚ್ಚೆ ಹಾಕಿಸಿಕೊಳ್ಳುವುದು, ಹರಕೆಗಾಗಿ ದೇಹವನ್ನು ದಂಡಿಸುವುದು ಮುಂತಾದವು ಈ ಗುಂಪಿಗೆ ಸೇರುವುದಿಲ್ಲ. ಅವುಗಳಲ್ಲಿಯೂ ನೋವುಂಟು, ಆದರೆ ಅವು ನಾಲ್ಕು ಜನರ ಮುಂದೆ, ಸಮಾಜದ ಒಪ್ಪಿಗೆಯಿಂದ ನಡೆಯತಕ್ಕವು. ಸ್ವಹಾನಿಯಾದರೋ ಬಹುಮಟ್ಟಿಗೆ ಏಕಾಂತದಲ್ಲಿ ನಡೆಯುತ್ತದೆ. ಬಳಿಕ ಉದ್ದ ತೋಳಿನ ಬಟ್ಟೆಯ ಮರೆಯಲ್ಲಿಯೋ ಸುಳ್ಳು ಸಬೂಬಿನ ಮರೆಯಲ್ಲಿಯೋ ಅಡಗುತ್ತದೆ. ಹೀಗೆ ಬಚ್ಚಿಡುವ ಕೆಲಸವನ್ನು ಪ್ರದರ್ಶನವೆನ್ನುವುದು ಹೇಗೆ?

ಅಮೆರಿಕದ ಮನೋವೈದ್ಯ ಕಾರ್ಲ್ ಮೆನ್ನಿಂಜರ್ 1938ರಷ್ಟು ಹಿಂದೆಯೇ, ಇಂಥ ವರ್ತನೆಯು ಸಾವಿನ ಕಡೆಗೆ ಇಟ್ಟ ಹೆಜ್ಜೆಯಾಗಿರದೆ ಸಾವನ್ನು ತಪ್ಪಿಸಿಕೊಳ್ಳುವ ಒಂದು ಪ್ರಯತ್ನವೂ ಆಗಿರಬಹುದೆಂದು ಸೂಚಿಸಿದ್ದನು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ರೋಗವರ್ಗೀಕರಣ ಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ದೊರೆತು, ಮುಂದಿನ ಅಧ್ಯಯನಕ್ಕೆ ಅರ್ಹವಾದ ಸ್ಥಿತಿಗಳ ಪಟ್ಟಿಗೆ ಇದು ಸೇರಿತು. ಆತ್ಮಹತ್ಯೆಯ ಪ್ರಯತ್ನವೂ ಸ್ವಹಾನಿಯೂ ಉದ್ದೇಶದಲ್ಲಿ ಬೇರೆಬೇರೆ ಎಂಬುದು ನಿಜ. ಆದರೂ ಇವೆರಡಕ್ಕೂ ನಂಟಿಲ್ಲವೆಂದು ಭಾವಿಸಲಾಗದು. ಇಂದು ಸಾಯುವ ಯೋಚನೆಯಿಲ್ಲದೆ ಗಾಯಮಾಡಿಕೊಂಡವರಿಗೆ ಮುಂದೆ ಅಂಥ ಯೋಚನೆ ಬರುವ ಸಂಭವವು ಇತರರಿಗಿಂತ ಹೆಚ್ಚು. ಆದ್ದರಿಂದ ಇದು ಹೆದರಿ ಕೂಗಾಡತಕ್ಕ ವಿಷಯವೂ ಅಲ್ಲ, ಹಗುರವಾಗಿ ಬಿಟ್ಟುಬಿಡತಕ್ಕ ವಿಷಯವೂ ಅಲ್ಲ.

ಎಷ್ಟು ಮಂದಿ?

ಹಲವು ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ, ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 17 ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿರುತ್ತಾರೆ. ಪ್ರಶ್ನೆ ಕೇಳುವ ರೀತಿಗೆ ತಕ್ಕಂತೆ ಈ ಸಂಖ್ಯೆ ಏರಿಳಿಯುವುದುಂಟು. ಆದರೂ ಅರುವತ್ತು ಮಂದಿ ಕುಳಿತಿರುವ ಒಂದು ತರಗತಿಯನ್ನು ನೆನೆದುಕೊಂಡರೆ, ಇದು ಎಲ್ಲಿಯೋ ದೂರದಲ್ಲಿರುವ ಯಾರೋ ಒಬ್ಬರ ವಿಷಯವಲ್ಲವೆಂಬುದು ಮನದಟ್ಟಾಗುತ್ತದೆ. ಈ ಅಭ್ಯಾಸವು ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನಲ್ಲಿ ತಲೆದೋರುತ್ತದೆ. ಹುಡುಗಿಯರಲ್ಲಿ ಹೆಚ್ಚಾಗಿ ಕಂಡುಬಂದರೂ ಹುಡುಗರೇನೂ ಇದಕ್ಕೆ ಹೊರತಾಗಿಲ್ಲ.

ಧೈರ್ಯ ತರುವ ಇನ್ನೊಂದು ಲೆಕ್ಕವೂ ಉಂಟು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಸುಮಾರು 1,800 ವಿದ್ಯಾರ್ಥಿಗಳನ್ನು 1992ರಿಂದ 2008ರವರೆಗೆ, ಅಂದರೆ ಹದಿಹರೆಯದಿಂದ ಮೂವತ್ತರ ಸಮೀಪದವರೆಗೆ, ಸಂಶೋಧಕರು ಮತ್ತೆಮತ್ತೆ ವಿಚಾರಿಸುತ್ತ ಬಂದರು. ಹದಿಹರೆಯದಲ್ಲಿ ಸುಮಾರು ನೂರಕ್ಕೆ 8 ಮಂದಿ ಸ್ವಹಾನಿ ಮಾಡಿಕೊಂಡಿದ್ದುದು ತಿಳಿದುಬಂದಿತು. ಈ ಅಧ್ಯಯನದಲ್ಲಿ ಉದ್ದೇಶವು ಯಾವುದೇ ಆಗಿರಲಿ, ಎಲ್ಲ ಬಗೆಯ ಸ್ವಹಾನಿಯನ್ನೂ ಎಣಿಸಲಾಗಿತ್ತು. ಹಾಗೆ ಮಾಡಿಕೊಂಡವರಲ್ಲಿ ನೂರಕ್ಕೆ ಸುಮಾರು 90 ಮಂದಿ ಪ್ರಾಯಕ್ಕೆ ಬಂದ ಮೇಲೆ ಅದನ್ನು ಬಿಟ್ಟಿದ್ದರು. ಎಂದರೆ, ಇದು ಒಬ್ಬರ ಹಣೆಯ ಮೇಲೆ ಬರೆದ ಬರಹವಲ್ಲ. ದಾಟಿಹೋಗಬಹುದಾದ ಒಂದು ಘಟ್ಟ. ಆದರೆ ಹದಿಹರೆಯದಲ್ಲಿ ಖಿನ್ನತೆ ಮತ್ತು ಆತಂಕಗಳಿಂದ ಬಳಲಿದವರಲ್ಲಿ ಪ್ರಾಯಕ್ಕೆ ಬಂದ ಮೇಲೆ ಇದು ಹೊಸದಾಗಿ ತಲೆದೋರುವ ಸಂಭವ ಹೆಚ್ಚಾಗಿತ್ತು. ತಾನಾಗಿಯೇ ಹೋಗುತ್ತದೆಂದು ಕೈಕಟ್ಟಿ ಕೂರಬಾರದೆಂಬುದಕ್ಕೆ ಇಷ್ಟೇ ಸಾಕು.

ಬಿಡುಗಡೆಯ ಪಾಠ

ಈಗ ಮೂಲಪ್ರಶ್ನೆಗೆ ಬರೋಣ. ನೋವನ್ನು ಮನುಷ್ಯನು ಏಕೆ ಬರಮಾಡಿಕೊಳ್ಳುತ್ತಾನೆ?

1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ಮನೋವಿಜ್ಞಾನಿಯು ಹಸಿದ ಬೆಕ್ಕುಗಳನ್ನು ಗೂಡಿನಲ್ಲಿ ಕೂಡಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದನು. ಬೆಕ್ಕು ಮೊದಲು ಎಲ್ಲ ಕಡೆಯೂ ಪರಚಾಡಿ, ಅಕಸ್ಮಾತ್ತಾಗಿ ಅಗುಳಿಯನ್ನು ತಳ್ಳಿ ಹೊರಕ್ಕೆ ಬರುತ್ತಿತ್ತು. ಮತ್ತೆಮತ್ತೆ ಕೂಡಿದಂತೆಲ್ಲ ಆ ಒಂದು ಚಲನೆಯನ್ನೇ ಬೇಗಬೇಗನೆ ಮಾಡಲು ಕಲಿಯುತ್ತಿತ್ತು. ಯಾವ ಕೆಲಸದಿಂದ ಕಷ್ಟ ಪರಿಹಾರವಾಯಿತೋ ಆ ಕೆಲಸವು ಜೀವಿಯಲ್ಲಿ ಬೇರೂರುತ್ತದೆಯೆಂಬುದೇ ಇದರ ಸಾರ. ಪೀಡೆ ತೊಲಗುವುದೇ ಬಹುಮಾನವಾಗಿ ಒಂದು ಅಭ್ಯಾಸವು ಗಟ್ಟಿಗೊಳ್ಳುವುದನ್ನು ಮನೋವಿಜ್ಞಾನದಲ್ಲಿ ಋಣಾತ್ಮಕ ಪುನರ್ಬಲನವೆನ್ನುತ್ತಾರೆ.

ಸ್ವಹಾನಿಗೆ ಈ ನಿಯಮವು ಬಹುಮಟ್ಟಿಗೆ ಅನ್ವಯಿಸುತ್ತದೆ. ಅಮೆರಿಕದಲ್ಲಿ ಮ್ಯಾಥ್ಯೂ ನಾಕ್ ಮತ್ತು ಮಿಚೆಲ್ ಪ್ರಿನ್‌ಸ್ಟೀನ್ ಎಂಬವರು ಆಸ್ಪತ್ರೆಯಲ್ಲಿದ್ದ ಹದಿಹರೆಯದವರನ್ನು ವಿಚಾರಿಸಿ 2004ರಲ್ಲಿ ಬರೆದ ಲೇಖನದಲ್ಲಿ, ಸಹಿಸಲಾಗದ ಭಾವನೆಯನ್ನು ನಿಲ್ಲಿಸುವುದು ಅಥವಾ ಶೂನ್ಯವೆನಿಸಿದಾಗ ಏನನ್ನಾದರೂ ಅನುಭವಿಸುವುದು ಮುಂತಾದ ಒಳಗಿನ ಕಾರಣಗಳೇ ಇತರರ ಗಮನಕ್ಕಿಂತ ಹೆಚ್ಚಾಗಿ ಕಂಡುಬಂದವು. ಪ್ರಯೋಗಶಾಲೆಯಲ್ಲಿ ನಡೆದ ಪರೀಕ್ಷೆಗಳು ಇನ್ನೊಂದು ಅಂಶವನ್ನು ತೋರಿಸಿವೆ: ದೇಹದ ನೋವು ನಿಂತ ಕೂಡಲೆ ಮನಸ್ಸಿನ ಬಿಗಿಯೂ ಒಂದು ಕ್ಷಣ ಸಡಿಲಗೊಳ್ಳುತ್ತದೆ. ಇದು ಸ್ವಹಾನಿ ಮಾಡಿಕೊಳ್ಳುವವರ ವಿಚಿತ್ರ ಲಕ್ಷಣವಲ್ಲ. ಎಲ್ಲ ಮನುಷ್ಯರ ದೇಹಧರ್ಮ.

ಆದರೆ ಈ ಬಿಡುಗಡೆ ಬಡ್ಡಿಯ ಸಾಲದಂತೆ. ಕೆಲವು ನಿಮಿಷ ಕಳೆಯುವಷ್ಟರಲ್ಲಿ ನಾಚಿಕೆ, ಅಪರಾಧಭಾವ, ಗುಟ್ಟು ಬಯಲಾದೀತೆಂಬ ಭಯ ಇವು ಮೇಲೆ ಬೀಳುತ್ತವೆ. ಇವೇ ಮುಂದಿನ ಉದ್ವೇಗಕ್ಕೆ ಸೌದೆಯಾಗುತ್ತವೆ. ಮೊದಲಿನ ಕಷ್ಟವು ಇದ್ದಲ್ಲಿಯೇ ಇರುತ್ತದೆ. ಅದರ ಮೇಲೆ ಹೊಸ ಕಷ್ಟವೊಂದು ಸೇರಿಕೊಳ್ಳುತ್ತದೆ. ಚಕ್ರವು ಹೀಗೆ ಸುತ್ತುತ್ತದೆ.

ಹರೆಯವೇ ಏಕೆ?

ಮಿದುಳಿನ ಎಲ್ಲ ಭಾಗಗಳೂ ಒಟ್ಟಿಗೆ ಬಲಿಯುವುದಿಲ್ಲ. ಭಯ, ಕೋಪ, ಹಂಬಲ ಇವುಗಳಿಗೆ ಸಂಬಂಧಿಸಿದ ಒಳಭಾಗಗಳು ಹರೆಯದ ಆರಂಭದಲ್ಲಿಯೇ ಚುರುಕಾಗುತ್ತವೆ. ಮುಂದಾಲೋಚನೆಗೂ ಸಂಯಮಕ್ಕೂ ಬೇಕಾದ ಹಣೆಯ ಹಿಂದಿನ ತೊಗಟೆಯು ಇಪ್ಪತ್ತರ ನಡುವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಎತ್ತು ಓಡಲು ಕಲಿತಿದೆ, ಮೂಗುದಾರವಿನ್ನೂ ಬಿಗಿಯಾಗಿಲ್ಲ ಎಂಬಂಥ ಸ್ಥಿತಿಯಿದು.

ಸಮವಯಸ್ಕರ ಮೆಚ್ಚುಗೆ ಅತಿ ಮುಖ್ಯವೆನಿಸುವ ಕಾಲವೂ ಇದೇ. ಗುಂಪಿನಿಂದ ಹೊರಗಾಗುವುದು ಎಂಥ ನೋವೆಂಬುದನ್ನು ನವೋಮಿ ಐಸನ್‌ಬರ್ಗರ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ತೋರಿಸುತ್ತದೆ. ಮಿದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿದವರು ಪರದೆಯ ಮೇಲೆ ಇತರರೊಡನೆ ಚೆಂಡಾಟವಾಡಿದರು. ಸ್ವಲ್ಪ ಹೊತ್ತಿನ ಬಳಿಕ ಉಳಿದ ಇಬ್ಬರು ಇವರಿಗೆ ಚೆಂಡನ್ನು ಎಸೆಯುವುದನ್ನೇ ಬಿಟ್ಟರು. ಇಷ್ಟು ಸಣ್ಣ ಅವಗಣನೆಯಿಂದಲೇ, ದೇಹಕ್ಕೆ ನೋವಾದಾಗ ಕೆಲಸ ಮಾಡುವ ಒಂದು ಭಾಗವು ಮಿದುಳಿನಲ್ಲಿ ಚುರುಕಾಯಿತು. ಎರಡು ಬಗೆಯ ನೋವುಗಳೂ ಪೂರ್ಣವಾಗಿ ಒಂದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ವಿಜ್ಞಾನಿಗಳಲ್ಲಿ ಈ ಬಗ್ಗೆ ಚರ್ಚೆಯುಂಟು. ಆದರೆ ಗೇಲಿ, ಒಂಟಿತನ, ಮನೆಯ ಜಗಳ, ಪರೀಕ್ಷೆಯ ಫಲಿತಾಂಶದ ಭಯ, ದೌರ್ಜನ್ಯಕ್ಕೆ ಗುರಿಯಾದ ನೆನಪು ಇವನ್ನು 'ಬರಿಯ ಮನಸ್ಸಿನದು' ಎಂದು ಅಲಕ್ಷಿಸಬಾರದೆಂಬುದಂತೂ ಸ್ಪಷ್ಟ.

ಗದರಿಕೆಯು ಏಕೆ ಫಲಿಸದು?

ಮೇಲೆ ಹೇಳಿದ ಚಕ್ರವನ್ನು ಅರಿತವರಿಗೆ ಇದರ ಉತ್ತರವು ಸುಲಭವಾಗಿ ಹೊಳೆಯುತ್ತದೆ. 'ನಿನಗೇನು ಕಡಿಮೆ ಮಾಡಿದ್ದೇವೆ? ಮನೆಯ ಮರ್ಯಾದೆ ಕಳೆಯುತ್ತೀಯಾ?' ಎಂದು ತಂದೆತಾಯಿಗಳು ಕೂಗಿದರೆ, ಅದು ಬಹುಮಟ್ಟಿಗೆ ಅವರ ಭಯದ ಕೂಗು. ಆದರೆ ಕೇಳುವ ಮಗುವಿನಲ್ಲಿ ನಾಚಿಕೆಯೂ ಒಂಟಿತನವೂ ಇಮ್ಮಡಿಯಾಗುತ್ತವೆ. ಯಾವ ಉದ್ವೇಗದಿಂದ ಪಾರಾಗಲು ಆ ದಾರಿಯನ್ನು ಹಿಡಿದಿತ್ತೋ ಆ ಉದ್ವೇಗವೇ ಹೆಚ್ಚುತ್ತದೆ. ಇನ್ನು ಮುಂದೆ ಹಾಗೆ ಮಾಡುವುದಿಲ್ಲವೆಂದು ಬಲವಂತದಿಂದ ಆಣೆ ಹಾಕಿಸುವುದೂ ಅಷ್ಟೆ. ಆಣೆ ಮುರಿದ ದಿನ ಸುಳ್ಳಿನ ಭಾರವೂ ಕೂಡಿಕೊಂಡು, ಗಾಯವು ಇನ್ನಷ್ಟು ಒಳಗೆ ಅಡಗುತ್ತದೆ. ಆದಕಾರಣ ನೆರವು ನೀಡುವವರು ಗಾಯದೊಡನೆ ಕಾದಾಡದೆ, ಅದರ ಹಿಂದಿನ ಉದ್ವೇಗವನ್ನು ತಗ್ಗಿಸಬೇಕು.

ಗೆಳೆಯರು ಮಾಡಬೇಕಾದುದು

ನಿಮ್ಮ ಗೆಳತಿಯ ತೋಳಿನ ಮೇಲೆ ಅಂಥ ಗುರುತುಗಳು ಕಂಡವೆನ್ನೋಣ. ನಾಲ್ಕು ಜನರ ಮುಂದೆ ಕೇಳದೆ, ಏಕಾಂತದಲ್ಲಿ ಮೆಲ್ಲನೆ ಮಾತಾಡಿಸಿರಿ. 'ನಿನಗೆ ತುಂಬ ಕಷ್ಟವಾಗಿರುವಂತೆ ಕಾಣುತ್ತದೆ. ಹೇಳಬೇಕೆನಿಸಿದರೆ ಹೇಳು, ನಾನು ಕೇಳುತ್ತೇನೆ' ಎಂದರೆ ಸಾಕು. ಗಾಯವನ್ನು ತೋರಿಸೆಂದು ಒತ್ತಾಯಿಸಬೇಡಿರಿ, ಹೇಗೆ ಮಾಡಿಕೊಂಡೆಯೆಂದು ಕೆದಕಬೇಡಿರಿ, ಉಪದೇಶಕ್ಕೆ ಅವಸರಪಡಬೇಡಿರಿ. ಕೇಳಿದ್ದನ್ನು ಇತರರಲ್ಲಿ ಆಡಿಕೊಳ್ಳಲೂ ಬಾರದು, ಚಿತ್ರ ತೆಗೆದು ಹಂಚಲೂ ಬಾರದು. ಮನಸ್ಸಿನ ಭಾವನೆಗೆ ಹೆಸರಿಟ್ಟು ಹೇಳಿದಾಗ ಮಿದುಳಿನ ಭಯಕೇಂದ್ರಗಳ ಚಟುವಟಿಕೆಯು ತಗ್ಗುತ್ತದೆಂದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಹೇಳಿಕೊಂಡರೆ ಎದೆ ಹಗುರವಾಗುತ್ತದೆಂಬ ನಮ್ಮ ಹಿರಿಯರ ಮಾತಿಗೆ ಇದು ಒಂದು ಆಧಾರ.

'ಸಾಯಬೇಕೆಂದು ಅನಿಸುತ್ತದೆಯೆ?' ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೆ? ಈ ಶಂಕೆ ಬಹಳ ಹಳೆಯದು. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಅರ್ಧ ಮಂದಿಗೆ ಇಂಥ ಪ್ರಶ್ನೆಗಳನ್ನು ಹಾಕಿ, ಉಳಿದವರಿಗೆ ಹಾಕದೆ ಹೋಲಿಸಿ ನೋಡಲಾಯಿತು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಪ್ರಶ್ನೆಯಿಂದ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. ಆದ್ದರಿಂದ ಅನುಮಾನವಿದ್ದಲ್ಲಿ ಕೇಳುವುದೇ ಲೇಸು.

ಗುಟ್ಟನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತ್ರ ಭಾಷೆ ಕೊಡಬೇಡಿರಿ. ಒಬ್ಬ ಗೆಳೆಯನ ಹೆಗಲು ಈ ಹೊರೆಯನ್ನು ಒಂಟಿಯಾಗಿ ಹೊರಲಾರದು, ಹೊರಲೂಬಾರದು. ತಾಯಿ, ಅಕ್ಕ, ಚಿಕ್ಕಪ್ಪ, ನೆಚ್ಚಿನ ಉಪಾಧ್ಯಾಯಿನಿ, ಹೀಗೆ ನಂಬಿಕೆಗೆ ಅರ್ಹರಾದ ಹಿರಿಯರೊಬ್ಬರನ್ನು ಗೆಳತಿಯೇ ಆರಿಸಲಿ. ನೀವು ಅವಳೊಡನೆ ಹೋಗಿರಿ. ಮನೆಯವರಿಂದಲೇ ಅಪಾಯವಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಗಾಯವು ಆಳವಾಗಿದ್ದರೆ, ವಿಷವನ್ನೋ ಮಾತ್ರೆಗಳನ್ನೋ ನುಂಗಿದ್ದರೆ, ಸಾಯುವ ಮಾತಾಡುತ್ತಿದ್ದರೆ, ಆಕೆಯನ್ನು ಒಂಟಿಯಾಗಿ ಬಿಡದೆ ಕೂಡಲೆ ಹಿರಿಯರನ್ನು ಕರೆದು ಆಸ್ಪತ್ರೆಗೆ ಸೇರಿಸಬೇಕು. 108 ಅಥವಾ 112ಕ್ಕೆ ದೂರವಾಣಿ ಮಾಡಬೇಕು. ಆ ಗಳಿಗೆಯಲ್ಲಿ ಗುಟ್ಟಿಗಿಂತ ಪ್ರಾಣ ದೊಡ್ಡದು.

ಚಿಕಿತ್ಸೆಯ ದಾರಿ

ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹಾನ್ ರೂಪಿಸಿದ 'ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ' ಎಂಬ ಚಿಕಿತ್ಸಾಕ್ರಮವು ಇಲ್ಲಿ ಹೆಸರಾದುದು. ಇರುವ ಸ್ಥಿತಿಯನ್ನು ನಿಂದಿಸದೆ ಒಪ್ಪಿಕೊಳ್ಳುವುದು, ಅದನ್ನು ಬದಲಿಸಲು ಹೊಸ ಕೌಶಲಗಳನ್ನು ಕಲಿಯುವುದು, ಇವೆರಡೂ ಅದರ ಎರಡು ಗಾಲಿಗಳು. ಉದ್ವೇಗದ ಅಲೆಯು ಏರಿ ತಾನಾಗಿಯೇ ಇಳಿಯುತ್ತದೆಂಬುದನ್ನು ಗುರುತಿಸಿ ಅಷ್ಟು ಹೊತ್ತು ತಡೆದುಕೊಳ್ಳುವುದು, ತಣ್ಣೀರಿನಿಂದ ಮುಖ ತೊಳೆಯುವುದು, ಬಿರುಸಾಗಿ ನಡೆಯುವುದು, ಇನ್ನೊಬ್ಬರೊಡನೆ ಮಾತಾಡುವುದು, ಇಂಥವನ್ನು ಅಲ್ಲಿ ಕ್ರಮವಾಗಿ ಅಭ್ಯಾಸ ಮಾಡಿಸುತ್ತಾರೆ. ಇದರಿಂದ ಸ್ವಹಾನಿಯು ಕಡಿಮೆಯಾಯಿತೆಂಬುದು 1991ರ ಮೊದಲ ಪರೀಕ್ಷೆಯಲ್ಲಿ ವಯಸ್ಕ ಸ್ತ್ರೀಯರಲ್ಲಿಯೂ, 2014ರಲ್ಲಿ ನಾರ್ವೆಯ ಹದಿಹರೆಯದವರಲ್ಲಿಯೂ ಕಂಡುಬಂದಿತು. ತಾವೇ ತಾರುಣ್ಯದಲ್ಲಿ ಸ್ವಹಾನಿಯಿಂದ ನರಳಿ ಆಸ್ಪತ್ರೆಯಲ್ಲಿದ್ದುದನ್ನು ಲಿನೆಹಾನ್ 2011ರಲ್ಲಿ ಬಹಿರಂಗವಾಗಿ ಹೇಳಿದರು. ನರಳಿದವರು ಗುಣಹೊಂದುವುದಷ್ಟೇ ಅಲ್ಲ, ಇತರರಿಗೆ ದಾರಿ ತೋರಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ನಮ್ಮ ನಾಡಿನಲ್ಲಿಯೂ ನೆರವು ದೂರವಿಲ್ಲ. ಮನೋವೈದ್ಯವನ್ನು ಹಳ್ಳಿಗಳಿಗೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಕಾನೂನಿನ ಭಯವೂ ಬೇಡ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ, ಶಿಕ್ಷೆಗೆ ಬದಲಾಗಿ ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ವಿಧಿಸಿದೆ.

ಈ ಲೇಖನವನ್ನು ಓದುತ್ತಿರುವವರಲ್ಲಿ ಸ್ವತಃ ಈ ಸಂಕಟವನ್ನು ಅನುಭವಿಸುತ್ತಿರುವವರೂ ಇರಬಹುದು. ಅವರಿಗೆ ನಾವು ಹೇಳುವುದಿಷ್ಟೆ. ನೀವು ಕೆಟ್ಟವರೂ ಅಲ್ಲ, ಹುಚ್ಚರೂ ಅಲ್ಲ. ಸಹಿಸಲಾಗದ ನೋವಿಗೆ ಕೈಗೆ ಸಿಕ್ಕ ಉಪಾಯವೊಂದನ್ನು ನಿಮ್ಮ ಮನಸ್ಸು ಕಲಿತುಕೊಂಡಿದೆ. ಕಲಿತದ್ದನ್ನು ಬಿಟ್ಟು ಬೇರೊಂದನ್ನು ಕಲಿಯಲು ಸಾಧ್ಯ. ಅದಕ್ಕೆ ಮೊದಲ ಹೆಜ್ಜೆಯೆಂದರೆ, ನಂಬಿಕೆಯುಳ್ಳ ಒಬ್ಬರ ಮುಂದೆ ಒಂದು ಮಾತು ಆಡುವುದು. ಆ ಮಾತನ್ನು ಕೇಳುವ ಭಾಗ್ಯ ಯಾರಿಗೆ ಬರುತ್ತದೆಯೋ ಅವರು, ತೀರ್ಪು ಕೊಡುವ ಆತುರವನ್ನು ಬದಿಗಿಟ್ಟು, ಪೂರ್ತಿಯಾಗಿ ಕೇಳಲಿ.