ಬಳ್ಳಾರಿಯ ಪ್ರಯೋಗ, ದಿಲ್ಲಿಯ ಕಾಯ್ದೆ, ನಮ್ಮ ಹಕ್ಕು

ಮಾನಸಿಕ ಕಾಯಿಲೆಗೆ ಚಿಕಿತ್ಸೆ ಬೇಕೆಂದರೆ ಬೆಂಗಳೂರಿಗೋ ಧಾರವಾಡಕ್ಕೋ ಹೋಗಬೇಕು ಎಂದು ಹಳ್ಳಿಗರು ನಂಬಿದ್ದ ಕಾಲದಲ್ಲೇ ನಿಮ್ಹಾನ್ಸ್ ವೈದ್ಯರು ಬೇರೆ ದಾರಿ ಹುಡುಕಿದ್ದರು. 1970ರ ದಶಕದಲ್ಲಿ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಪ್ರಯೋಗ ಶುರುವಾಯಿತು. 1980ರ ದಶಕದಲ್ಲಿ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾತ್ರೆಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದರೆ ಬಹಳಷ್ಟು ರೋಗಿಗಳಿಗೆ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ಅಲ್ಲಿ ಕಂಡುಬಂತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ತಳಹದಿ.

ಆದರೆ ಸರ್ಕಾರದ ಕಾರ್ಯಕ್ರಮ ಬೇರೆ, ಪ್ರಜೆಯ ಹಕ್ಕು ಬೇರೆ. ಕಾರ್ಯಕ್ರಮ ನಿಂತರೆ ಬೇಸರಪಟ್ಟುಕೊಳ್ಳಬಹುದು ಅಷ್ಟೆ. ಹಕ್ಕು ಸಿಗದಿದ್ದರೆ ದೂರು ಕೊಡಬಹುದು. ಕಾರ್ಯಕ್ರಮವಿದ್ದರೂ, ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ, ಕಾಯಿಲೆಗೆ ತಕ್ಕಂತೆ, ನೂರಕ್ಕೆ 70ರಿಂದ 92. ಚಿಕಿತ್ಸೆಯನ್ನು ಹಕ್ಕಾಗಿಸಿದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2018ರ ಮೇ 29ರಂದು.

ಇದರ 18ನೇ ಕಲಂ ಪ್ರತಿಯೊಬ್ಬರೂ ಓದಿಕೊಳ್ಳಬೇಕಾದದ್ದು. ಸರ್ಕಾರ ನಡೆಸುವ ಅಥವಾ ಸರ್ಕಾರದ ಹಣದಿಂದ ನಡೆಯುವ ಸೇವೆಗಳಲ್ಲಿ ಮಾನಸಿಕ ಆರೈಕೆ ಪಡೆಯುವುದು ಎಲ್ಲರ ಹಕ್ಕು ಎನ್ನುತ್ತದೆ ಅದು. ಬಡತನದ ರೇಖೆಗಿಂತ ಕೆಳಗಿನವರಿಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡು ಕೈಯಲ್ಲಿ ಇರಲಿ ಬಿಡಲಿ, ಈ ಸೌಲಭ್ಯ ತಪ್ಪುವುದಿಲ್ಲ. ಮನೆಮಠವಿಲ್ಲದವರಿಗೂ ಇದೇ ನಿಯಮ. ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆಯೂ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಆಸ್ಪತ್ರೆಗೆ ಹೋಗಬಹುದು, ಖರ್ಚು ಸರ್ಕಾರದ್ದು. ಈ ಕೊನೆಯ ಮಾತು ಕಾಗದದಲ್ಲಿ ಎಷ್ಟು ಧಾರಾಳವೋ ಕೌಂಟರಿನಲ್ಲಿ ಅಷ್ಟೇ ಅಪರಿಚಿತ. ಹಾಗಾಗಿ ಬಿಲ್ಲು, ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡು ಲಿಖಿತವಾಗಿಯೇ ಕೇಳುವುದು ಜಾಣತನ.

2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯ ಮಾನಸಿಕ ರೋಗಿಗಳ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಈಗ ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಎಂದು ಇದೇ ಕಾಯ್ದೆಯ 95ನೇ ಕಲಂ ಕಡಾಖಂಡಿತವಾಗಿ ಹೇಳುತ್ತದೆ. ಅರಿವಳಿಕೆ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವುದಕ್ಕೂ ಅದೇ ನಿಷೇಧ.

ವಯಸ್ಕರು ಯಾರೇ ಆಗಲಿ, ಮುಂದೆ ತಾವು ಕಾಯಿಲೆ ಬಿದ್ದು ನಿರ್ಧಾರ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡಬಹುದು. ಮುಂಗಡ ನಿರ್ದೇಶನ ಎಂದು ಅದಕ್ಕೆ ಹೆಸರು. ತಮ್ಮ ಪರವಾಗಿ ಮಾತಾಡಲು ನಂಬಿಕೆಯವರೊಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ಹೆಸರಿಸಬಹುದು. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ. ತುರ್ತು ಚಿಕಿತ್ಸೆಗೆ ಮಾತ್ರ ಮುಂಗಡ ನಿರ್ದೇಶನ ಅನ್ವಯಿಸುವುದಿಲ್ಲ.

ಇನ್ನು ಸಂಶೋಧನೆ. ರೋಗಿಯನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಬೇಕಾದರೆ ವಿಷಯ ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕೆಂಬುದು 99ನೇ ಕಲಂ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಬಳ್ಳಾರಿಯಂಥ ಅಧ್ಯಯನಗಳಿಂದ ಜನರಿಗೆ ಲಾಭವಾಗಿದೆ, ನಿಜ. ಆ ಕಾರಣಕ್ಕೆ ರೋಗಿಯ ಸಹಿಯನ್ನು ಲಘುವಾಗಿ ನೋಡಲು ಬರುವುದಿಲ್ಲ.

ಹಕ್ಕು ತಪ್ಪಿದರೆ ಮೊದಲ ದೂರು ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗೆ. ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ, ಇದಕ್ಕೆ ಶುಲ್ಕವಿಲ್ಲ. ಬಲವಂತದ ದಾಖಲಾತಿಯನ್ನು ಪ್ರಶ್ನಿಸಲೂ ಇದೇ ಮಂಡಳಿ. ಅದರ ತೀರ್ಮಾನ ಒಪ್ಪದವರು 30 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ವಕೀಲರ ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಒದಗಿಸಬೇಕು. ವಿಮಾ ಕಂಪನಿಗಳೂ ತಪ್ಪಿಸಿಕೊಳ್ಳುವಂತಿಲ್ಲ: ದೈಹಿಕ ಕಾಯಿಲೆಗೆ ಕೊಡುವ ರಕ್ಷಣೆಯನ್ನೇ ಮಾನಸಿಕ ಕಾಯಿಲೆಗೂ ಕೊಡಬೇಕು.

ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರ ಮನೆಯವರು ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಸೇರಿಸುವುದನ್ನು ತಡಮಾಡಬಾರದು. ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 115ನೇ ಕಲಂ ಭಾವಿಸುತ್ತದೆ; ಅವರ ಆರೈಕೆ, ಪುನರ್ವಸತಿ ಸರ್ಕಾರದ ಹೊಣೆ. ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳು ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರು ಇರುವಂತೆ ನೋಡಿಕೊಳ್ಳಲು ಕಾಯ್ದೆ ಸರ್ಕಾರಗಳಿಗೆ ಹತ್ತು ವರ್ಷದ ಗಡುವು ಕೊಟ್ಟಿದೆ. ಅದು 2028ರ ಮೇ ತಿಂಗಳಿಗೆ ಮುಗಿಯುತ್ತದೆ. ನಿಮ್ಮ ಜಿಲ್ಲೆಯಲ್ಲಿ ಮನೋವೈದ್ಯರ ಹುದ್ದೆ ಎಷ್ಟು ಮಂಜೂರಾಗಿವೆ, ಎಷ್ಟು ಖಾಲಿ ಇವೆ, ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಮಾತ್ರೆಗಳ ದಾಸ್ತಾನಿದೆ ಎಂಬುದನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೇಳಬಹುದು. ಬಿಪಿಎಲ್ ಕುಟುಂಬದವರಿಗೆ ಆ 10 ರೂಪಾಯಿಯೂ ಬೇಕಿಲ್ಲ. ಉತ್ತರಕ್ಕೆ 30 ದಿನದ ಗಡುವಿದೆ.